ಮಾತ್ರೆ ಬಿಡಲು ಒಂದು ಸೀಲು

ಬಟ್ಟೆ ಹೊಲಿಯುವ ಚೌಡಮ್ಮನಿಗೆ ಅಕ್ಕನೇ ಕಿಡ್ನಿ ಕೊಟ್ಟು ವರ್ಷವಾಗಿತ್ತು. ಅಂಗವಿಕಲರ ಪಿಂಚಣಿಯಿಂದಲೇ ಅವಳ ಮಾತ್ರೆ ಬರುತ್ತಿತ್ತು. ಒಂದು ದಿನ ತಾಲ್ಲೂಕು ಕಚೇರಿಯಿಂದ ಕರೆ ಬಂತು.

ಅವಳು ಹೋಗಿ ನಿಂತಾಗ ಹೊಸ ಅಧಿಕಾರಿ ತಲೆ ಎತ್ತದೆಯೇ ಹೇಳಿದರು. “ಹೊಸ ಕಿಡ್ನಿ ಹಾಕಿಸಿಕೊಂಡಿದ್ದೀಯಲ್ಲ, ಇನ್ನೆಂಥ ಕಾಯಿಲೆ? ನೀನೀಗ ಗಟ್ಟಿಮುಟ್ಟು. ಪಿಂಚಣಿ ರದ್ದು.”

ಅವಳು ಅಳುತ್ತಾಳೆ ಎಂದು ಕಚೇರಿಯಲ್ಲಿದ್ದವರೆಲ್ಲ ಅಂದುಕೊಂಡರು. ಚೌಡಮ್ಮ ಕೈಮುಗಿದಳು.

“ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಸಾರ್! ಡಾಕ್ಟ್ರು, ಬದುಕಿರೋ ತನಕ ಮಾತ್ರೆ ನುಂಗಬೇಕು, ಬಿಟ್ಟರೆ ಕಿಡ್ನಿ ಕೈಕೊಡುತ್ತೆ ಅಂತ ಹೆದರಿಸಿಬಿಟ್ಟಿದ್ದಾರೆ. ನೀವು ಕಾಯಿಲೆಯೇ ಇಲ್ಲ ಅಂದ್ರಿ. ಅದನ್ನೇ ಬರೆದು, ರುಜು ಹಾಕಿ, ಸೀಲು ಒತ್ತಿಕೊಡಿ. ಇವತ್ತೇ ಮಾತ್ರೆ ಬಿಡ್ತೀನಿ. ನನಗೇನಾದರೂ ಆದರೆ ಅಕ್ಕ ಆ ಕಾಗದ ಹಿಡ್ಕೊಂಡು ನಿಮ್ಮ ಹತ್ರಾನೇ ಬರ್ತಾಳೆ.”

ಅಧಿಕಾರಿ ಈಗ ತಲೆ ಎತ್ತಿದರು. ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. “ಅಯ್ಯೋ, ಹಾಗೆಲ್ಲ ಬರೆದುಕೊಡೋಕೆ ನಾನೇನು ಡಾಕ್ಟರೇನಮ್ಮ?”

“ಅಲ್ವಾ ಸಾರ್? ಹಾಗಾದರೆ ಡಾಕ್ಟ್ರು ಬರೆದದ್ದೇ ಇರಲಿ,” ಎಂದು ಚೌಡಮ್ಮ ಆಸ್ಪತ್ರೆಯ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು.

ಗುಮಾಸ್ತರು ನಗು ತಡೆದುಕೊಂಡು ಕಡತವನ್ನು ಮುಂದೆ ಸರಿಸಿದರು. ಅಧಿಕಾರಿ ‘ಪಿಂಚಣಿ ಮುಂದುವರಿಸುವುದು’ ಎಂದು ಬರೆದು ರುಜು ಹಾಕಿದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, “ಕೂತ್ಕೊಳ್ಳಿ ಚೌಡಮ್ಮನವರೇ,” ಎಂದರು.