ಹಿಮ್ಮಡಿ ಹಿಡಿದವನು

ಸುಳ್ಳು ಅನ್ನಿ ನೋಡೋಣ! ನಮ್ಮ ಇನ್ನಾಸಪ್ಪ ಗುರುಗಳನ್ನು ಹೊಳೆ ದಾಟದಂತೆ ತಡೆದು ನಿಲ್ಲಿಸಿದವನು ನಾನೊಬ್ಬನೇ.

ನಮ್ಮ ಆಶ್ರಮದಲ್ಲಿ ಒಂದು ಪದ್ಧತಿ. ದೀಕ್ಷೆಯ ದಿನ ಗುರುಗಳು "ನಿನ್ನ ಹೆಸರೇನು?" ಅಂತ ಕೇಳುತ್ತಾರೆ. ಶಿಷ್ಯ ತನಗೆ ಬೇಕಾದ ಹೆಸರು ಹೇಳುತ್ತಾನೆ. ಗುರುಗಳು ಆ ಹೆಸರು ಹಿಡಿದು ಕರೆದರೆ ಅವನು ಆಶ್ರಮದವನು. ಕರೆಯದಿದ್ದರೆ ಊರಿನ ದಾರಿ.

ಅವ್ವ ನನಗಿಟ್ಟ ಹೆಸರು ಯಾಕೋಬ. ಊರ ಗರಡಿಯಲ್ಲಿ ನನ್ನ ಬೆನ್ನಿಗೆ ಮಣ್ಣು ಮುಟ್ಟಿಸಿದ ಗಂಡಸಿಲ್ಲ.

"ಗುರುಗಳೇ, ಯಾಕೋಬ ಅಂದರೇನು?"

"ಹಿಮ್ಮಡಿ ಹಿಡಿದವನು. ಬೈಬಲಿನ ಆ ಅವಳಿಗಳಲ್ಲಿ ಏಸಾವ ಮೊದಲು ಹುಟ್ಟಿದ. ತಮ್ಮ ಅವನ ಹಿಮ್ಮಡಿ ಹಿಡಿದುಕೊಂಡೇ ಹೊರಗೆ ಬಂದ. ಅದಕ್ಕೇ ಆ ಹೆಸರು."

"ಥೂ! ನಾನು ಯಾರ ಕಾಲೂ ಹಿಡಿದವನಲ್ಲ. ಆ ಯಾಕೋಬನೇ ಆಮೇಲೆ ದೇವರ ಜೊತೆ ಕುಸ್ತಿ ಮಾಡಿ ಇಸ್ರಾಯೇಲ ಅನ್ನಿಸಿಕೊಂಡನಲ್ಲ, ನನಗೆ ಆ ಹೆಸರು ಬೇಕು."



ದೀಕ್ಷೆಯ ದಿನ ಬಂತು.

"ನಿನ್ನ ಹೆಸರೇನು?"

"ಇಸ್ರಾಯೇಲ!" ಎದೆ ಉಬ್ಬಿಸಿ ಹೇಳಿದೆ.

ಗುರುಗಳು ಕರೆಯಲಿಲ್ಲ. ಎದ್ದು ಹೊಳೆಯ ಕಡೆ ನಡೆದುಬಿಟ್ಟರು. ಆಚೆ ದಡದ ಊರಿನಲ್ಲಿ ಅವರಿಗೆ ಪೂಜೆಯಿತ್ತು.

"ಗಂಟು ಕಟ್ಟಪ್ಪಾ, ಪೈಲ್ವಾನ," ಅಂದ ಜೊತೆಯ ಶಿಷ್ಯ ಚೌರಪ್ಪ, ಹಲ್ಲು ಕಿರಿಯುತ್ತ.

ಗಂಟು ಕಟ್ಟುವ ಜಾಯಮಾನ ನನ್ನದಲ್ಲ. ಓಡಿದೆ. ಗುರುಗಳ ಒಂದು ಕಾಲು ಆಗಲೇ ಹರಿಗೋಲಿನೊಳಗಿತ್ತು. ಇನ್ನೊಂದು ಮೇಲೇಳುವಷ್ಟರಲ್ಲಿ ಕೆಸರಿಗೆ ಬಿದ್ದು ಅದರ ಹಿಮ್ಮಡಿ ಹಿಡಿದೆ.

"ಬಿಡೋ. ಹೊತ್ತಾಯಿತು."

"ನೀವು ಹೆಸರು ಕೊಡೋ ತನಕ ಬಿಡೋದಿಲ್ಲ."

"ಬೀಳುತ್ತೇನೆ."

"ಬೀಳಿ. ನನ್ನ ಹಿಡಿತ ಬಿಡಿಸಿಕೊಂಡವರು ಯಾರೂ ಇಲ್ಲ."

ಹರಿಗೋಲು ಹೊಯ್ದಾಡಿತು. ಗುರುಗಳು ಅಂಬಿಗನ ಭುಜ ಹಿಡಿದು ನಿಂತರು.

"ಕುರುಡ ಅಪ್ಪ ಯಾರೆಂದು ಕೇಳಿದಾಗ ಯಾಕೋಬ 'ನಾನು ಏಸಾವ' ಅಂದ. ಅಣ್ಣನ ಆಶೀರ್ವಾದ ಹೊಡೆದುಕೊಂಡ. ಕುಸ್ತಿಯ ಹೊತ್ತಿನಲ್ಲಿ ದೇವರೂ ಹೆಸರು ಕೇಳಿದರು. ಆಗ ಏನಂದ?"

ಉತ್ತರ ಗೊತ್ತಿತ್ತು. ಆಗ ಅವನು ತನ್ನ ಸ್ವಂತ ಹೆಸರನ್ನೇ ಹೇಳಿದ್ದ.

"ನಿನ್ನ ಹೆಸರೇನು?" ಮತ್ತೆ ಕೇಳಿದರು.

"ಯಾಕೋಬ!" ಆಚೆ ದಡಕ್ಕೂ ಕೇಳುವಂತೆ ಕೂಗಿದೆ. "ಹಿಮ್ಮಡಿ ಹಿಡಿದವನು! ಊರಿಗೆ ಅಟ್ಟಿದರೂ ಯಾಕೋಬನೇ!"

ಗುರುಗಳು ಬಗ್ಗಿ, ನನ್ನ ಕೆಸರು ತಲೆಯ ಮೇಲೆ ಕೈಯಿಟ್ಟರು.

"ಆ ಹೆಸರನ್ನೇ ಕೊಟ್ಟಿದ್ದೇನೆ. ಇನ್ನು ಕಾಲು ಬಿಡು, ಯಾಕೋಬ."