ಸದ್ದಿಲ್ಲದ ಕಾರಿನ ನೆರಳು

ಇರುವೆಗೂ ಆನೆಗೂ ಒಂದೇ ಕೈಯಿಂದ ಉಸಿರಿತ್ತ ಪಶುಪತಿಗೆ ಶರಣು.

ಒಂದು ಬೀದಿಯಲ್ಲಿ ಹಳೆಯ ಡೀಸೆಲ್ ಜೀಪೂ ಹೊಸ ಎಲೆಕ್ಟ್ರಿಕ್ ಕಾರೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಕೆಂಪಿ ಎಂಬ ನಾಯಿ ತನ್ನೆರಡು ಎಳೆಮರಿಗಳಿಗೆ ನೆರಳು ಹುಡುಕುತ್ತ ಅಲ್ಲಿಗೆ ಬಂದಳು.

"ನನ್ನಡಿ ಮಲಗಿದರೆ ಮೈಮೇಲೆ ಎಣ್ಣೆ ತೊಟ್ಟಿಕ್ಕುತ್ತೆ, ಹೊರಡುವಾಗ ಬೊಬ್ಬೆ ಹೊಡೀತೀನಿ. ಬೇಕಿದ್ದರೆ ಇರು," ಎಂದು ಜೀಪು ಗುರುಗುಟ್ಟಿತು.

"ಇಲ್ಲಿ ಬಾ ತಾಯಿ. ನನ್ನಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ," ಎಂದಿತು ಕಾರು.

ಕೆಂಪಿಗೆ ಜೀವ ತಂಪಾಯಿತು. "ಮಾತು ಅಂದರೆ ಹೀಗಿರಬೇಕು. ನಿನ್ನದು ಬರೀ ಕೆಮ್ಮು, ಅಜ್ಜಾ!" ಎಂದು ಜೀಪನ್ನು ಹಂಗಿಸಿದಳು.

"ಆ ಕೆಮ್ಮು ಕೇಳಿಯೇ ನಿಮ್ಮಮ್ಮ ಒಮ್ಮೆ ನಿನ್ನನ್ನು ಕಚ್ಚಿಕೊಂಡು ಓಡಿದ್ದಳು ಕಣೇ. ಅದಕ್ಕೇ ಇವತ್ತು ನೀನಿದ್ದೀಯ."

"ಹಳಬರ ಪುರಾಣ ಮುಗಿಯೋದೇ ಇಲ್ಲ," ಎಂದು ನಕ್ಕು, ಕೆಂಪಿ ಮರಿಗಳನ್ನು ಕಾರಿನಡಿ ಮಲಗಿಸಿ ಎಂಜಲು ಹುಡುಕಲು ಹೋದಳು.

ಮರಳಿದಾಗ ಕಾರು ಇರಲಿಲ್ಲ. ಒಂದು ಮರಿ ಮಲಗಿದ್ದಲ್ಲೇ ಸತ್ತುಹೋಗಿತ್ತು. ಇನ್ನೊಂದು ಅದರ ಕಿವಿ ನೆಕ್ಕಿ ನೆಕ್ಕಿ ಎಬ್ಬಿಸುತ್ತಿತ್ತು.

ಸಂಜೆ ಕಾರು ಹಿಂತಿರುಗಿತು. "ಹೊರಡುತ್ತೇನೆಂದು ಒಂದು ಸಲ ಕೂಗಬಾರದಿತ್ತೇ?" ಎಂದು ಕೆಂಪಿ ಗೋಳಿಟ್ಟಳು.

"ಕೂಗುವ ಗಂಟಲು ನನಗಿಲ್ಲ ತಾಯಿ," ಎಂದಿತು ಕಾರು ಮೆಲುದನಿಯಲ್ಲೇ. "ನೀನು ಮೆಚ್ಚಿದ್ದೂ ಅದನ್ನೇ ಅಲ್ಲವೇ?"

ಕೆಂಪಿ ಉಳಿದ ಮರಿಯನ್ನು ಕಚ್ಚಿ ಹಿಡಿದು ಜೀಪಿನಡಿ ತೂರಿದಳು. ಎಣ್ಣೆ ಅವಳ ಮೈಮೇಲೆ ತೊಟ್ಟಿಕ್ಕಿತು.

ಈ ಕಥೆ ಕೇಳಿದವರ ಮನೆಗಳಲ್ಲಿ ಗದರಿಸುವವರು ನೂರ್ಕಾಲ ಬಾಳಲಿ. ಆ ಗದರಿಕೆಯನ್ನು ತಾಳಿಕೊಳ್ಳುವ ಕಿವಿಗಳನ್ನು ಸ್ವಾಮಿ ನಿಮಗೆಲ್ಲ ಕರುಣಿಸಲಿ.