ಧೂಳಿಗೆ ಹೆದರಿದ ಲೆನ್ಸ್

ಕರಾವಳಿ ಸುತ್ತಲು ಹೊರಟ ಸುಗುಣಾಳ ಕ್ಯಾಮೆರಾ ಚೀಲದಲ್ಲಿ ಒಂದು ಉದ್ದ ಲೆನ್ಸ್, ಒಂದು ಗಿಡ್ಡ ಲೆನ್ಸ್, ತೇವ ಹೀರುವ ಸಿಲಿಕಾ ಪೊಟ್ಟಣ ಇದ್ದವು. ಗಿಡ್ಡ ಲೆನ್ಸ್ ದಿನವೂ ಹೊರಗೆ ಹೋಗಿ ಮೈತುಂಬ ಧೂಳು ಹೊತ್ತು ಬರುತ್ತಿತ್ತು. ಸಂಜೆ ಸುಗುಣಾ ಅದನ್ನು ಬಟ್ಟೆಯಿಂದ ಒರೆಸಿಡುತ್ತಿದ್ದಳು. ಅದರ ಅಂಚಿನ ಗೀರು ಕಂಡಾಗಲೆಲ್ಲ ಉದ್ದ ಲೆನ್ಸಿನ ಎದೆ ಝಲ್ಲೆನ್ನುತ್ತಿತ್ತು. ಅವಳ ಕೈ ಚೀಲದೊಳಗೆ ಇಳಿದರೆ ಸಾಕು, ಅದು ಮೂಲೆಗೆ ಸರಿದು ಗಿಡ್ಡದ್ದನ್ನು ಮುಂದೆ ತಳ್ಳುತ್ತಿತ್ತು.

ಒಂದು ಬೆಳಿಗ್ಗೆ ಪೊಟ್ಟಣ ಹೇಳಿತು: "ಅಕ್ಕಾ, ಇವತ್ತಾದರೂ ಬಿಸಿಲು ಕಂಡು ಬಾ. ನಾನು ಹೀರುವಷ್ಟು ತೇವ ಹೀರಿದ್ದಾಯಿತು. ನನ್ನನ್ನು ಬಿಸಿ ಮಾಡಿ ಒಣಗಿಸುವುದನ್ನು ಯಜಮಾನಿ ಮರೆತಿದ್ದಾಳೆ. ಇನ್ನು ನಿನ್ನನ್ನು ಕಾಯಲಾರೆ."

"ಹೊರಗೆ ಮರಳಿದೆ, ಉಪ್ಪುಗಾಳಿಯಿದೆ," ಎಂದಿತು ಉದ್ದ ಲೆನ್ಸ್. "ನನ್ನ ಗಾಜಿಗೆ ಏನಾದರೂ ಆದರೆ ನೀನು ಹೊಣೆಯೇ? ಈ ಕತ್ತಲೇ ನನಗೆ ಕ್ಷೇಮ."

ಹತ್ತಾರು ದಿನ ಹಾಗೇ ಕಳೆದವು. ಆಮೇಲೊಂದು ದಿನ ಜಿಪ್ ಮುಚ್ಚಿದ ಚೀಲದಲ್ಲಿ, ಉದ್ದ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯ ಎಳೆಯಂಥದ್ದೇನೋ ತಣ್ಣಗೆ ಹರಿದಾಡಿತು.

"ಯಾರದು? ಧೂಳೇ?" ಲೆನ್ಸ್ ಕೇಳಿತು.

"ಅಲ್ಲ, ನಾನು ಬೂಷ್ಟು," ಎಂಬ ದನಿ ಅದರ ಹೊಟ್ಟೆಯೊಳಗಿನಿಂದಲೇ ಬಂತು. "ಹೆದರಬೇಡ, ಧೂಳು ಇಲ್ಲಿಯ ತನಕ ಬರುವುದಿಲ್ಲ. ಒರೆಸುವ ಬಟ್ಟೆಯೂ ಬರುವುದಿಲ್ಲ."